ಸಿದ್ದರಾಮಪ್ಪನವರು ಕಾರಿನಿಂದ ಇಳಿದದ್ದು

ಅಧ್ಯಕ್ಷೆ ತ್ರಿಪುರಸುಂದರಿಯವರೇ, ಸನ್ಮಾನಿತರಾದ ಸಿದ್ದರಾಮಪ್ಪನವರೇ, ಬಿಸಿ ಕಾಫಿ ಬಿಟ್ಟು ಒಳಗೆ ಬಂದು ಕೂತಿರುವ ತ್ಯಾಗಮಯಿ ಸಭಿಕರೇ,

ಮೂರು ವರ್ಷ ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿ ದುಡಿದ ಸಿದ್ದರಾಮಪ್ಪನವರ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯ ಗುರುರಾಜ್ ಕೇಳಿದರು, ಒಪ್ಪಿಕೊಂಡೆ. ಈಗ ಶಾಲು ಹೊದಿಸುವಾಗ ನೋಡಿದಿರಲ್ಲ, ಅವರ ಬಲಗೈ ಭುಜದಿಂದ ಮೇಲಕ್ಕೆ ಬರುವುದಿಲ್ಲ. ಸೇತುವೆಗಳ ನಕ್ಷೆ ಬರೆಯುವ ಇಂಜಿನಿಯರಿಗೆ ಬಲಗೈ ಅಂದರೆ ಏನು, ನೀವೇ ಹೇಳಿ.

ಹೋದ ವರ್ಷ, ಎಪ್ಪತ್ನಾಲ್ಕರ ನವೆಂಬರ್, ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅವರ ಕಾರಿನಲ್ಲಿ ಕ್ರ್ಯಾನ್‌ಬರಿ ಊರಿನ ಕಡೆಗೆ ಹೊರಟಿದ್ದೆವು. ಹಿಂದಿನ ದೀಪ ಒಡೆದಿತ್ತು. ದಾರಿಯಲ್ಲಿ ಪೊಲೀಸಿನವನು ನಿಲ್ಲಿಸಿದ. ನಮ್ಮ ಊರಲ್ಲಿ ಸಾಹೇಬರು ತಡೆದರೆ ಏನು ಮಾಡುತ್ತೇವೆ? ಇಳಿಯುತ್ತೇವೆ, ಹತ್ತಿರ ಹೋಗುತ್ತೇವೆ, ಕೈ ಮುಗಿಯುತ್ತೇವೆ. ಕೂತೇ ಇದ್ದರೆ ಎಷ್ಟು ಸೊಕ್ಕು ಇವನಿಗೆ ಅನ್ನುತ್ತಾರೆ. ಸಿದ್ದರಾಮಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಇಳಿದರು. ಈ ದೇಶದಲ್ಲಿ ಇಳಿಯಬಾರದಂತೆ! ಮುಗಿದ ಕೈಯ ಮೇಲೊಂದು, ಭುಜದ ಮೇಲೆರಡು ಲಾಠಿ ಏಟು ಬಿತ್ತು. ರಿಪೋರ್ಟಿನಲ್ಲಿ 'ಮೈಮೇಲೆ ಏರಿ ಬಂದ' ಎಂದು ಬರೆದುಕೊಂಡರು.

ಇವರು ಆ ಪೊಲೀಸಿನವನ ಮೇಲೆ ಸಿವಿಲ್ ರೈಟ್ಸ್ ಕೇಸು ಹಾಕಿದರು. ನಾಡಿದ್ದು ಸೋಮವಾರ ಟ್ರೆಂಟನ್ನಿನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ. ಇವರ ಮಾತಿಗೆ ಎದುರು ಪೊಲೀಸಿನ ಮಾತು. ಜ್ಯೂರಿ ಯಾರನ್ನು ನಂಬುತ್ತೆ? ನೋಡಿದ ಮೂರನೆಯವನೊಬ್ಬ ಬೇಕು.

ಕಾರಿನಲ್ಲಿ ನಾನು ನಿದ್ದೆ ಹೋಗಿದ್ದೆ ಎಂದು ಇವರ ಲಾಯರಿಗೆ ಹೇಳಿದ್ದೆ. ನನ್ನ ನಿದ್ದೆಯ ಕೀರ್ತಿ ಈ ಸಂಘದ ಸಮಿತಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಎಲ್ಲರೂ ನಂಬಿದರು. ನನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಹತ್ತಿರ ಬಂದಿತ್ತು, ಪೊಲೀಸಿನ ಎದುರು ನಿಂತರೆ ಅದು ಕೈತಪ್ಪೀತೆಂಬ ಭಯ. ನಮಗ್ಯಾಕ್ರೀ ಕೋರ್ಟು ಕಚೇರಿ ಎಂದು ನನ್ನ ಹೆಂಡತಿ ಅಲಮೇಲು ಕೂಡ... ಇಲ್ಲ, ಅವಳು ಹಾಗೆ ಹೇಳಲಿಲ್ಲ. ಅವಳಿಗೂ ನಿದ್ದೆಯ ಕಥೆಯನ್ನೇ ಹೇಳಿದ್ದೆ.

ಸಿದ್ದರಾಮಪ್ಪನವರಿಗೆ ಮಾತ್ರ ಗೊತ್ತಿತ್ತು. ದಾರಿಯುದ್ದಕ್ಕೂ ಮಾತಾಡುತ್ತಾ ಬಂದವರಲ್ಲವೇ ನಾವು? ಆಸ್ಪತ್ರೆಯಲ್ಲಿ ನೋಡಲು ಹೋದಾಗ, "ಇರ್ಲಿ ಬಿಡ್ರಿ, ನಿಮಗ ನಿದ್ದಿ ಬಂದಿತ್ತು," ಅಂದರು. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಆಮೇಲೆ ಅವರ ಮನೆಗೆ ಹೋಗುವುದನ್ನೇ ಬಿಟ್ಟೆ.

ಸಭಿಕರೇ, ಬರೆದು ತಂದ ಭಾಷಣದಲ್ಲಿ ಇದಿಲ್ಲ. ನಾನು ಎಚ್ಚರವಾಗಿದ್ದೆ, ಎಲ್ಲವನ್ನೂ ನೋಡಿದೆ. "ಇಳಿದು ಹೋಗಿ ಸ್ವಾಮಿ, ಮರ್ಯಾದೆ ಕೊಡಿ" ಎಂದು ಅವರನ್ನು ಇಳಿಸಿದವನೂ ನಾನೇ.

ಹಿಂದಿನ ಸಾಲಿನಲ್ಲಿ ಊಟಕ್ಕೆ ಬಂದು ಕೂತಿದ್ದಾರಲ್ಲ, ಅವರೇ ಆ ಲಾಯರು, ಟೋನಿ. ಪಾಪ, ಇಷ್ಟು ಹೊತ್ತೂ ಒಂದಕ್ಷರ ಅರ್ಥವಾಗದೆ ನಗುತ್ತಿದ್ದಾರೆ. ಉಷಾ, ನೀನು ಅವರ ಪಕ್ಕದಲ್ಲೇ ಇದ್ದೀಯಮ್ಮಾ, ನಾನು ಈಗ ಹೇಳಿದ್ದನ್ನೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಹೇಳಿಬಿಡು. ನಾನು ಕೆಳಗಿಳಿದು ಬರುವಷ್ಟರಲ್ಲಿ ಹೇಳು, ಇಲ್ಲದಿದ್ದರೆ ನನಗೆ ಮತ್ತೆ ಧೈರ್ಯ ಸಾಲದು.

ಸಹನೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಸಿದ್ದರಾಮಪ್ಪನವರೇ, ನಿಮಗೆ ಬೇರೆಯಾಗಿ, ನಮಸ್ಕಾರ.