ಈಟಿಯಿಲ್ಲದ ಹತ್ತೊಂಬತ್ತು ಯುದ್ಧ

ನಾಗೋಯಾದ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾದಿದ್ದ ಕಿನುಯೊ ಅಜ್ಜಿಯ ಪಕ್ಕದಲ್ಲೇ ಆಸ್ಪತ್ರೆಯ ಹಸಿರು ಚಪ್ಪಲಿ ಮೆಟ್ಟಿದ್ದ, ಅವಳಿಗೆ ಗುರುತಿಲ್ಲದ ಅಕ್ಕತಂಗಿಯರು, ಚಿಹಾಯ ಮತ್ತು ಕೊಹಾರು, ಒಂದೇ ವಿಡಿಯೊ ಗೇಮಿಗೆ ತಲೆಗೆ ತಲೆ ತಾಗಿಸಿ ಕೂತಿದ್ದರು.

"ಕೊನೇ ಕೋಟೆಗೆ ಹತ್ತೇ ಜನ ಹೋಗ್ಬೋದು. ಆ ಹಣ್ಣು ಮುದುಕ ಸಿಪಾಯೀನ ಬಿಟ್ಬಿಡೇ ಅಕ್ಕಾ," ಎಂದಳು ಕೊಹಾರು.

"ಮೊದಲನೇ ಯುದ್ಧ ಗೆದ್ದವನೇ ಅವನು ಕಣೇ."

"ನಾನು ಆಡಿದಾಗ ನಂಗೂ ಗೆದ್ಕೊಟ್ಟ. ಶತ್ರುಗಳನ್ನೆಲ್ಲ ಅವನೇ ಹೊಡೆದ, ಪಡೆಯ ಹುಡುಗ್ರು ಏನೂ ಕಲೀಲಿಲ್ಲ. ಆರನೇ ಯುದ್ಧದಲ್ಲಿ ಸೋತೆ."

"ಪೆದ್ದಿ! ನಾನು ಎರಡನೇ ಯುದ್ಧಕ್ಕೇ ಅವನ ಈಟಿ ಕಿತ್ಕೊಂಡೆ."

"ಬರಿಗೈಲಿ ಕಳಿಸಿದ್ಯಾ?"

"ಮುಂದೆ ನಿಲ್ಲಿಸ್ದೆ. ಏಟೆಲ್ಲ ಅವನು ತಿಂದ, ಹಿಂದಿನಿಂದ ಹುಡುಗ್ರು ಹೊಡೆದು ಕಲಿತ್ರು."

"ಎಷ್ಟು ಯುದ್ಧ ಹಾಗೆ?"

"ಹತ್ತೊಂಬತ್ತು."

ಕೊಹಾರು ಬಾಯಿ ತೆರೆದು ಪರದೆಯನ್ನೇ ನೋಡಿದಳು. ಅಜ್ಜಿಯ ಕತ್ತೂ ಅತ್ತ ವಾಲಿತು.

"ಈಗ ಎಲ್ರೂ ಅವನಿಗಿಂತ ಗಟ್ಟಿ," ಎಂದಳು ಚಿಹಾಯ. "ಆ ಕೋಟೇಲಿ ಅವನಿಗೆ ಎರಡೇಟು ಬಿದ್ರೆ ಮುಗೀತು. ಈ ಆಟದಲ್ಲಿ ಸತ್ತೋನು ಮತ್ತೆ ಬರಲ್ಲ."

ಒಳಗಿನಿಂದ ಚಿಹಾಯಳ ಹೆಸರು ಕೂಗಿದರು. ಅವಳು ಆಟದ ಯಂತ್ರವನ್ನು ತಂಗಿಯ ಕೈಗಿಟ್ಟಳು. "ನೀನೇ ಹೇಳು. ಬಿಡೋದಾ?"

"ಬೇಡ ಅಕ್ಕಾ. ನಡುವೆ ನಿಲ್ಸೋಣ. ಈ ಸಲ ಸುತ್ತ ಹುಡುಗ್ರು ನಿಲ್ಲಲಿ."

"ಈಟಿ?"

"ಕೊಟ್ಟೆ, ನೋಡು."

ಇಬ್ಬರೂ ಚಪ್ಪಲಿ ಎಳೆಯುತ್ತ ಒಳಗೆ ಹೋದರು. ಮುಚ್ಚಿದ ಬಾಗಿಲಿನ ಕಡೆಗೆ ತಿರುಗಿ ಕಿನುಯೊ ಅಜ್ಜಿ, ಯಾರೋ ಹಿರಿಯ ಯೋಧರು ಎದುರಿಗೇ ಹಾದುಹೋದಂತೆ, ಕೂತಲ್ಲೇ ನಡು ಬಗ್ಗಿಸಿ ವಂದಿಸಿದಳು.