ಟಿ ತೆಗೆದು ಪಿ ಹಾಕಿದ ದಿನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯ ಮಹನೀಯರೇ, ಇಷ್ಟು ವರ್ಷ ಪ್ರಯೋಗಾಲಯದ ಕಿಟಕಿಯಲ್ಲಿ ನಿಂತು “ರಿಪೋರ್ಟ್ ಆಯ್ತಾ?” ಎಂದು ನನ್ನ ಪ್ರಾಣ ತಿಂದು, ಇವತ್ತು ನನ್ನನ್ನು ಬೀಳ್ಕೊಡಲು ಬಂದಿರುವ ಪ್ರೀತಿಯ ಸಭಿಕರೇ,

ಆಸ್ಪತ್ರೆಗೆ ಇಂಟರ್‌ನೆಟ್ ತಂದವಳು ಎಂದು ಅಧ್ಯಕ್ಷರು ನನ್ನನ್ನು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಆದರೆ ಅದರಲ್ಲಿ ಮುಕ್ಕಾಲು ಪಾಲು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಟೆಲಿಫೋನ್ ಲೈನ್‌ಮನ್ ಅವರಿಗೆ ಸೇರಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ನಮಗೊಂದು ಹಳೆಯ ಕಂಪ್ಯೂಟರ್ ದಾನವಾಗಿ ಬಂತು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ಕಿರಿಯ ಡಾಕ್ಟರು, ಅದರದ್ದೊಂದು ದಪ್ಪ ಪುಸ್ತಕವನ್ನು ನನ್ನ ಕೈಗಿತ್ತು ವರ್ಗವಾಗಿ ಹೋದರು. ಫೋನ್ ಲೈನಿನಿಂದ ಇಂಟರ್‌ನೆಟ್ ಹಿಡಿಯಲು ಒಳಗಿದ್ದ ಮೋಡೆಮ್ ಕಾರ್ಡನ್ನು ಲಿನಕ್ಸ್ ಕಣ್ಣೆತ್ತಿಯೂ ನೋಡಲಿಲ್ಲ. ಎರಡು ತಿಂಗಳು ಒದ್ದಾಡಿದ ಮೇಲೆ ಪುಸ್ತಕದ ಕೊನೆಯಲ್ಲಿ ಓದಿದೆ: ಆ ಬಗೆಯ ಕಾರ್ಡು ಲಿನಕ್ಸಿನಲ್ಲಿ ನಡೆಯುವುದೇ ಇಲ್ಲ. ಹಲ್ಲಿನ ಡಾಕ್ಟರು ತಮ್ಮಲ್ಲಿ ಬಿದ್ದಿದ್ದ, ಹೊರಗಿಡುವ ಮೋಡೆಮ್ ಡಬ್ಬಿಯೊಂದನ್ನು ಕೊಟ್ಟರು. ಅದೇನೋ ಡಯಲ್ ಮಾಡಿತು. ಆದರೆ ಪ್ರತಿ ಸಲವೂ ಪರದೆಯ ಮೇಲೆ ‘ನೋ ಕ್ಯಾರಿಯರ್’. ಆ ಕಡೆಯವರು ಸಿಗಲಿಲ್ಲ ಎಂದರ್ಥ.

ಅಲ್ಲಿಯವರೆಗೆ ಅದು ನನ್ನ ಹವ್ಯಾಸ. ಆಮೇಲೆ ಹವ್ಯಾಸವಾಗಿ ಉಳಿಯಲಿಲ್ಲ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಹೇಳಿಬಿಡುತ್ತೇನೆ.

ಆ ವಾರ ನನ್ನ ಅತ್ತೆಯ ರಕ್ತ ಪರೀಕ್ಷೆಗೆ ಬಂತು. ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಆರು ತಿಂಗಳಿಂದ ಮಾತು ಬಿಟ್ಟಿದ್ದೆವು. ಸೂಕ್ಷ್ಮದರ್ಶಕದಡಿ ದೊಡ್ಡ ದೊಡ್ಡ ಎಳೆಯ ಕಣಗಳು ಕಂಡವು. ರಕ್ತದ ಕ್ಯಾನ್ಸರ್ ಇರಬಹುದೆಂದು ವರದಿ ಬರೆದೆ. ಬರೆದು ಕೈ ತೊಳೆಯುವಾಗ ಅನುಮಾನ ಹೊಕ್ಕಿತು. ನಾನು ಕಂಡದ್ದು ಅಲ್ಲಿ ಇದ್ದದ್ದನ್ನೋ, ನನ್ನ ಸಿಟ್ಟಿಗೆ ಬೇಕಾದದ್ದನ್ನೋ? ವರದಿಯನ್ನು ಡ್ರಾಯರಿಗೆ ತಳ್ಳಿ ಹಿರಿಯ ಡಾಕ್ಟರ ಬಳಿ ಹೋದೆ.

“ಇದನ್ನ ಇನ್ನೊಬ್ಬರು ನೋಡ್ಬೇಕು ಸರ್.”

“ದೊಡ್ಡಾಸ್ಪತ್ರೆ ತಜ್ಞರಿಗೆ ಫೋಟೋ ಕಳ್ಸಮ್ಮ. ಆದ್ರೆ ಅಂಚೇಲಿ ಹೋಗಿ ಬರೋಕೆ ಹತ್ತು ದಿನ ಬೇಕು. ನಿಮ್ಮತ್ತೆ ಸ್ಥಿತಿ ನೋಡಿದ್ರೆ ಅಷ್ಟು ಕಾಯೋ ಹಾಗಿಲ್ಲ.”

ಉಳಿದದ್ದು ಇಂಟರ್‌ನೆಟ್ ಒಂದೇ. ಫೋನ್ ಲೈನ್ ಸರಿಯಿಲ್ಲವೆಂದು ದೂರು ಕೊಟ್ಟೆ. ಮರುದಿನ ಬೆಳಿಗ್ಗೆ ಈ ಲೈನ್‌ಮನ್ ಬಂದರು. ಡಬ್ಬಿ ಡಯಲ್ ಮಾಡುವಾಗ ರಿಸೀವರಿಗೆ ಕಿವಿಗೊಟ್ಟು ಕೇಳಿದರು.

“ಲೈನು ಚೆನ್ನಾಗೇ ಇದೆ ಅಕ್ಕಾ. ನಿಮ್ಮ ಡಬ್ಬಿ ಪೀಂ ಪೀಂ ಅಂತ ಹಾಡ್ತಿದೆ. ನಮ್ಮ ಎಕ್ಸ್‌ಚೇಂಜ್ ಹಳೇ ಕಾಲದ್ದು, ಅದಕ್ಕೆ ಹಾಡು ತಿಳಿಯಲ್ಲ. ಫೋನಿನ ಚಕ್ರ ತಿರುಗಿಸಿದ್ರೆ ಬರುತ್ತಲ್ಲ, ಹಾಗೆ ಟಕ್ ಟಕ್ ಅಂತ ಎಣಿಸಿ ಹೇಳ್ಬೇಕು.”

ಪುಸ್ತಕ ತಿರುವಿದೆ. ಡಯಲ್ ಮಾಡುವ ಆಜ್ಞೆಯಲ್ಲಿ ಹಾಡುವ ‘ಟೋನ್’ನ ಟಿ ತೆಗೆದು, ಎಣಿಸುವ ‘ಪಲ್ಸ್’ನ ಪಿ ಹಾಕಿದರೆ ಮುಗಿಯಿತು. ಒಂದು ಅಕ್ಷರ ಸ್ವಾಮಿ, ಒಂದೇ ಒಂದು ಅಕ್ಷರ. ಡಬ್ಬಿ ಟಕಟಕ ಎಂದಿತು, ಆ ಕಡೆಯಿಂದ ಕೀರಲು ದನಿ ಬಂತು, ದೀಪ ಹತ್ತಿ ನಿಂತಿತು. “ಸಿಕ್ಕಿದ್ರು ಬಿಡಿ” ಎಂದು ಇವರು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ತಾವು ಏನನ್ನು ಉಳಿಸಿಕೊಟ್ಟೆವೆಂದು ಇವರಿಗೆ ಗೊತ್ತೇ ಇರಲಿಲ್ಲ.

ಸೂಕ್ಷ್ಮದರ್ಶಕಕ್ಕೆ ಡಿಜಿಟಲ್ ಕ್ಯಾಮೆರಾ ಹಿಡಿದು ತೆಗೆದ ನಾಲ್ಕು ಫೋಟೋ ಹೋಗಲು ಒಂದು ಗಂಟೆ ಹಿಡಿಯಿತು. ಮರುದಿನ ಉತ್ತರ ಬಂತು: ಕ್ಯಾನ್ಸರಿನ ಹಾಗೆ ಕಾಣುವ ವಿಟಮಿನ್ ಕೊರತೆ ಇದು, ಇಂಜೆಕ್ಷನ್ ಶುರು ಮಾಡಿ. ಮೊದಲನೆಯದನ್ನು ನಾನೇ ಕೊಟ್ಟೆ.

“ನಿನ್ನ ಕೈ ಹಗುರ ಕಣೇ” ಎಂದರು ಅತ್ತೆ. ಆರು ತಿಂಗಳ ಮೇಲೆ ಆಡಿದ ಮೊದಲ ಮಾತು.

ಆಮೇಲೆ ಅವರು ಹದಿನಾಲ್ಕು ವರ್ಷ ಬದುಕಿದರು, ಅದರಲ್ಲಿ ಹತ್ತು ವರ್ಷವಾದರೂ ನನ್ನ ಜೊತೆ ಜಗಳವಾಡಿಕೊಂಡೇ ಇದ್ದರು. ಆ ಒಂದೊಂದು ಜಗಳಕ್ಕೂ ನಾನು ಲೈನ್‌ಮನ್ ಅವರಿಗೆ ಋಣಿ. ನನ್ನ ಮೊದಲ ವರದಿಯ ಸಂಗತಿ ಅತ್ತೆಗೆ ಹೇಳಲೇ ಇಲ್ಲ. ಮುಂದಿನ ಸಾಲಿನಲ್ಲಿರುವ ನನ್ನ ಯಜಮಾನರಿಗೂ ಇದು ಗೊತ್ತಾಗುತ್ತಿರುವುದು ಈಗಲೇ. ಮನೆಗೆ ಹೋದ ಮೇಲೆ ಮಾತಾಡೋಣ ರೀ.

ಕೇಳಿಸಿಕೊಂಡ ನಿಮಗೆಲ್ಲ ನನ್ನ ಮನಸಾರೆ ಧನ್ಯವಾದ. ಲೈನ್‌ಮನ್ ಅವರಿಗೆ, ಕೈ ಮುಗಿದು, ನನ್ನ ನಮಸ್ಕಾರ.