ಎರಡನೇ ಆಟಗಾರ್ತಿ

ರಿಪೇರಿ ಅಂಗಡಿಯ ಸರತಿಯಲ್ಲಿದ್ದ ಪೋಸ್ಟ್‌ಮ್ಯಾನ್ ತನ್ನ ಮುಂದಿದ್ದ ಟೈಲರಮ್ಮನ ಮಾತಿಗೆ ಕಿವಿಗೊಟ್ಟ. ಮಗನ ವಿಡಿಯೊ ಗೇಮ್ ಪೆಟ್ಟಿಗೆಯ ಕ್ಯಾಮೆರಾಗೆ ಆಕೆ ಬಟ್ಟೆಯ ಗವಸು ಹೊಲಿದು ಹಾಕಿದ್ದಳು.

“ಈ ಕಣ್ಣು ಬಿಚ್ಚಿ ತೆಗಿಯಪ್ಪ,” ಎಂದಳು ಅಂಗಡಿಯವನಿಗೆ.

“ಆಫ್ ಮಾಡಿದ್ರೆ ಅದೇನೂ ನೋಡಲ್ಲ ಬಿಡಿ, ಅಕ್ಕ.”

“ಆಫ್ ಮಾಡೇ ಗಿರಾಕಿ ಅಳತೆ ತಗೊಳ್ತಿದ್ದೆ. ಟಿವಿ ತಾನಾಗೇ ಆನ್ ಆಗಿ ‘ಎರಡನೇ ಆಟಗಾರರು ರೆಡೀನಾ?’ ಅಂತು. ಪಾಪ, ಅವಳು ಬಟ್ಟೆ ಎಳ್ಕೊಂಡು ಹೋದೋಳು ಮತ್ತೆ ಬರ್ಲೇ ಇಲ್ಲ.”

“ಕ್ಯಾಮೆರಾ ಇಲ್ದೆ ಅರ್ಧ ಆಟ ನಡಿಯಲ್ಲ.”

“ಇನ್ನರ್ಧ ಆಡ್ಕೊಳ್ಲಿ. ನನ್ನ ಗಿರಾಕೀನ ನೋಡೋ ಹಕ್ಕು ನನ್ನ ಕನ್ನಡಿಗೆ ಮಾತ್ರ.”

“ಕಂಪನಿಯವ್ರು ಯಾರೂ ಕೂತು ನೋಡಲ್ಲ, ಅಕ್ಕ.”

“ಹಾಗಾದ್ರೆ ನೀನೇ ಇಟ್ಕೋ, ನಿನ್ನ ಮಲಗೋ ಕೋಣೇಲಿ!”

ಬಿಚ್ಚಿದ ಕ್ಯಾಮೆರಾವನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಆಕೆ ಹೊರಟಳು. ಅಂಗಡಿಯವನು ಪೋಸ್ಟ್‌ಮ್ಯಾನ್‌ನನ್ನು ಮಾತನಾಡಿಸುವ ಮೊದಲು ಆ ಕ್ಯಾಮೆರಾವನ್ನು ಗೋಡೆಯತ್ತ ತಿರುಗಿಸಿಟ್ಟ.